ಒಂದೂ ಬಿಳಿ ಗರಿ ಇಲ್ಲದ ಹುಂಜ

ಗಡಹಿಂಗ್ಲಜ
೧೧ ಜನವರಿ ೧೯೬೦

ತಮ್ಮ ಜ್ಞಾನೂಗೆ ಅಕ್ಕ ಬಾಳಕ್ಕ ಬರೆಯುವುದು. ನಿನಗೂ ನಿನ್ನ ಮನೆಯಾಕೆ ಶೆವಂತಾಗೂ ನನ್ನ ಆಶೀರ್ವಾದ.

ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಲು ಕೂತೆ. ಆಮೇಲೆ ಯೋಚಿಸಿದೆ, ನಾವೆಲ್ಲ ಎಂದರೆ ಯಾರು? ನಾನು, ಮತ್ತು ಮೂರು ಕೋಳಿ. ಹೋದ ವಾರ ಮುಂಗುಸಿ ಗೂಡಿನ ಹಿಂದಿನ ಮಣ್ಣು ಕೆದರಿ ಒಳಹೊಕ್ಕು ಹುಂಜನನ್ನೂ ಎರಡು ಹೇಂಟೆಗಳನ್ನೂ ಮುಗಿಸಿತು. ಹುಂಜ ಹೇಂಟೆಗಳನ್ನು ಬಿಟ್ಟು ಓಡಿರಲಿಲ್ಲ. ಅದರ ಗರಿಗಳೆಲ್ಲ ಮುಂಗುಸಿ ಕೊರೆದ ಕಂಡಿಯ ಬಾಯಲ್ಲೇ ಬಿದ್ದಿದ್ದವು. ನಮ್ಮ ಮನೆಯವರು, ನಿನ್ನ ದಾಜಿ, ಬದುಕಿದ್ದರೆ ಆ ದಿನ ಊಟ ಮಾಡುತ್ತಿರಲಿಲ್ಲ. ನಾನು ಮಾಡಿದೆ, ರುಚಿ ಹತ್ತಲಿಲ್ಲ.

ಉಳಿದವರು ಗೌಡತಿ, ಕುಂಟಿ, ಮೂಕಿ. ಗೌಡತಿ ನಿನಗೆ ಗೊತ್ತು. ಹೋದ ಸಲ ನೀನು ಬಂದಾಗ ನಿನ್ನ ಚಪ್ಪಲಿಯ ಮೇಲೆ ಕೂತು ಏಳಲು ಒಪ್ಪದೆ ನಿನ್ನ ಬಸ್ಸು ತಪ್ಪಿಸಿದವಳು. ಹಿತ್ತಲಿಗೆ ಅವಳೇ ಯಜಮಾನಿ. ಈಗ ಆಳುವುದಕ್ಕೆ ಇಬ್ಬರೇ ಉಳಿದಿದ್ದಾರೆ ಎಂದು ಅವಳಿಗೂ ಬೇಸರ.

ನೀನು ಮಗ್ಗದ ಮಾಲಕರ ನೂಲಿನ ಕೆಲಸಕ್ಕೆ ಇಚಲಕರಂಜಿಯಿಂದ ಕೊಲ್ಹಾಪುರಕ್ಕೆ ಹೋಗುತ್ತಲೇ ಇರುತ್ತೀ. ಅಲ್ಲಿ ಜನಾಬಾಯಿ ಎಂಬ ಮುದುಕಿ ಇದ್ದಾಳೆ. ಅವಳ ಗಂಡ ಸಂಸ್ಥಾನದ ಕಾಲದಲ್ಲಿ ಒಬ್ಬ ಸರದಾರರ ವಾಡೆಯಲ್ಲಿ ಹಕ್ಕಿಗಳನ್ನು ನೋಡಿಕೊಳ್ಳುತ್ತಿದ್ದ. ನಿನ್ನ ದಾಜಿ ಈ ಗಿಡ್ಡ ಜಾತಿಯನ್ನು ತಂದದ್ದು ಅವಳ ಹಿತ್ತಲಿನಿಂದಲೇ. ವಾಡೆಯಲ್ಲಿ ಇವಕ್ಕೆ ಬ್ಯಾಂಟಮ್ ಎನ್ನುತ್ತಿದ್ದರಂತೆ, ನಾವು ಗಿಡ್ಡ ಕೋಳಿ ಎನ್ನುತ್ತೇವೆ. ಅವು ಎರಡಕ್ಕೂ ಓಗೊಡುವುದಿಲ್ಲ. ಮೈ ಪಾರಿವಾಳಕ್ಕಿಂತ ಒಂದು ಹಿಡಿ ಹೆಚ್ಚು, ಧಿಮಾಕು ಮಾತ್ರ ಆನೆಯದು. ಆದರೆ ಒಂದು ಹಿಡಿ ಕಾಳಿನಲ್ಲಿ ದಿನ ಕಳೆಯುತ್ತವೆ, ಕಾವಿಗೆ ಕೂತರೆ ತಾಯಿಯೆಂದರೆ ಇವೇ ತಾಯಿ.

ಜನಾಬಾಯಿಯ ಬಳಿ ಹೋಗಿ ನನಗೆ ಹೊಸ ಕೋಳಿ ಆರಿಸಿ ತಾ. ಮೂರು ಹೇಂಟೆ, ಒಂದು ಹುಂಜ. ಹೇಂಟೆ ಯಾವ ಬಣ್ಣದ್ದಾದರೂ ಆದೀತು. ಹುಂಜ ಮಾತ್ರ ಅಚ್ಚ ಕರಿಯದಾಗಬೇಕು. ಕುತ್ತಿಗೆಯಲ್ಲಿ ಕೆಂಪು ಕೂಡದು, ಒಂದೂ ಬಿಳಿ ಗರಿ ಕೂಡದು. ರೆಕ್ಕೆ ಎತ್ತಿ ನೋಡು. ಯಾಕೆ ಎಂದು ಕಾಗದದಲ್ಲಿ ಬರೆಯುವುದಿಲ್ಲ. ನೀನೇ ಕೋಳಿ ತೆಗೆದುಕೊಂಡು ಬಾ, ಎದುರು ಕೂತು ಹೇಳುತ್ತೇನೆ. ಆಚೆ ವರ್ಷದ ದೀಪಾವಳಿಗೆ ಬಂದು ಹೋದವನು ಮತ್ತೆ ಈ ಕಡೆ ತಲೆ ಹಾಕಿಲ್ಲ.

ಬೇಸಿಗೆಗೆ ಮುಂಚೆ ಆಗಲಿ. ಗೌಡತಿ ಕಾವಿಗೆ ಕೂರುವ ಹೊತ್ತಿಗೆ ಹೊಸವು ಹಳೆಯವು ಒಂದಾಗಿರಬೇಕು.

ಅಕ್ಕ ಪುಸ್ತಕದ ಕನ್ನಡ ಬರೆಯುತ್ತಾಳೆ ಎಂದು ಶೆವಂತಾ ನಗುತ್ತಾಳೆ, ಗೊತ್ತು. ಮಾಸ್ತರರು ನಾಲ್ಕನೇ ಇಯತ್ತೆಯಲ್ಲಿ ಬೆತ್ತದಿಂದ ಕಲಿಸಿದ್ದು, ಕೈ ಬಿಟ್ಟು ಹೋಗುವುದಿಲ್ಲ.

ಬಾಳಕ್ಕ

*

ಇಚಲಕರಂಜಿ
೨೬ ಜನವರಿ ೧೯೬೦

ಅಕ್ಕಾ, ಜಯಭೀಮ.

ಹುಂಜನ ಸುದ್ದಿ ಓದಿ ನಿಜವಾಗಿಯೂ ಕೆಟ್ಟೆನಿಸಿತು. ಶೆವಂತಾ ಅಂತೂ ಎರಡು ಸಲ ಓದಿದಳು.

ಮೊನ್ನೆ ಕೊಲ್ಹಾಪುರಕ್ಕೆ ಹೋದಾಗ ಜನಾಬಾಯಿಯನ್ನು ಹುಡುಕಿದೆ. ಹಿತ್ತಲ ತುಂಬ ಗಿಡ್ಡ ಕೋಳಿ. ನಾನು ಒಂದೊಂದನ್ನೇ ನೋಡುತ್ತ ನಿಂತಿದ್ದಕ್ಕೆ ಆ ಮುದುಕಿ, "ಅಲ್ಲೋ ತಮ್ಮಾ, ಕೋಳಿ ಆರಸಾಕ ಬಂದೀಯೋ, ಹೆಣ್ಣ ನೋಡಾಕ ಬಂದೀಯೋ?" ಎಂದಳು. ಅವಳು ಕೋಳಿ ಕೊಡುವುದಕ್ಕೆ ಮುಂಚೆ ಕೇಳಿದ್ದನ್ನು ನನ್ನ ಮದುವೆಯಲ್ಲೂ ಯಾರೂ ಕೇಳಿರಲಿಲ್ಲ. "ಮನ್ಯಾಗ ಹಳೇವು ಎಷ್ಟ ಅದಾವ? ಹಿರೇಕಿ ಸ್ವಭಾವ ಹ್ಯಾಂಗೈತಿ? ಗೂಡಿನ್ಯಾಗ ಜಾಗಾ ಐತಿಲ್ಲೋ? ಅದೆಲ್ಲಾ ಕೇಳ್ಕೊಂಡ ಬಾ, ಆಮ್ಯಾಗ ಕೊಡ್ತೇನಿ" ಎಂದು ಬರಿಗೈಯಲ್ಲಿ ಕಳಿಸಿದಳು. ಉತ್ತರ ಬರೆ.

ಇನ್ನೊಂದು ಮಾತು. ಬರೆಯಬಾರದು ಎಂದುಕೊಂಡೆ, ಬರೆಯದೆ ಇರಲಾಗುತ್ತಿಲ್ಲ.

ಹುಂಜ ಅಚ್ಚ ಕರಿಯದೇ ಯಾಕೆ ಬೇಕು ಎಂದು ನೀನು ಹೇಳದಿದ್ದರೂ ನನಗೆ ತಿಳಿಯುತ್ತದೆ. ನಾನು ವಿಷಮಜ್ವರದಲ್ಲಿ ಬಿದ್ದ ವರ್ಷ ನೀನು ಮರಗವ್ವನ ಕಟ್ಟೆಗೆ ಹೋಗಿ, ತಮ್ಮ ಎದ್ದು ಕೂತರೆ ಆಷಾಢದಲ್ಲಿ ಕರಿಯ ಹುಂಜ ಕೊಯ್ಯುತ್ತೇನೆ ಎಂದು ಹರಕೆ ಹೊತ್ತೆ. ನಾನು ಎದ್ದು ಕೂತೆ. ಅಷ್ಟರಲ್ಲಿ ದಾಜಿ ತೀರಿಕೊಂಡರು, ಹರಕೆ ಹಿಂದೆ ಬಿತ್ತು. ಆಮೇಲೆ ನಾನು ಬೌದ್ಧ ದೀಕ್ಷೆ ತೆಗೆದುಕೊಂಡೆ. ಹರಕೆ, ಬಲಿ ಯಾವುದೂ ಇನ್ನು ನನಗಿಲ್ಲ ಎಂದು ಸಾವಿರ ಜನರ ನಡುವೆ ನಿಂತು ಮಾತು ಕೊಟ್ಟೆ. ಅಂದೇ ನಿನ್ನ ಮನೆಗೆ ಬಂದು ಹೇಳಿದೆ, "ಅಕ್ಕಾ, ನನ್ನ ಹೆಸರಿಲೇ ಕತ್ತಿ ಬಿತ್ತಂದ್ರ ನಿನ್ನ ಮನೀ ನೀರು ಕುಡಿಯಂಗಿಲ್ಲ" ಎಂದು. ನೀನು ಏನೂ ಅನ್ನಲಿಲ್ಲ.

ಅನ್ನಲಿಲ್ಲ, ಆದರೆ ತೋರಿಸಿದೆ. ನಾನು ಬಲಿ ಬೇಡ ಎಂದಿದ್ದೆ, ಊಟದ ಕೋಳಿ ಬೇಡ ಎಂದಿರಲಿಲ್ಲ. ತಮ್ಮ ಬಂದರೆ ಕೋಳಿ ಕೊಯ್ಯದ ಅಕ್ಕ ನಮ್ಮವರಲ್ಲಿ ಯಾರಿದ್ದಾರೆ? ದಾಜಿ ಇದ್ದಾಗ ನಾನು ಹೊಸ್ತಿಲು ದಾಟುವುದರೊಳಗೆ ಒಲೆಯ ಮೇಲೆ ರಸ್ಸಾ ಕುದಿಯುತ್ತಿತ್ತು. ಆ ದೀಪಾವಳಿಗೆ ಹಿತ್ತಲ ತುಂಬ ಕೋಳಿ ಓಡಾಡುತ್ತಿದ್ದರೂ ನನ್ನ ತಾಟಿಗೆ ಬದನೆಕಾಯಿ ಎಣ್ಣೆಗಾಯಿ ಬಿತ್ತು. ದೀಕ್ಷೆ ತೆಗೆದುಕೊಂಡ ತಮ್ಮ ಪರಕೀಯನಾದ ಎಂದು ಅಂದೇ ಅರ್ಥವಾಯಿತು. ಅದಕ್ಕೇ ಬಂದಿಲ್ಲ.

ಸಿಟ್ಟಿನಿಂದ ಬರೆದಿಲ್ಲ. ನೋವಿನಿಂದ ಬರೆದಿದ್ದೇನೆ.

ಜ್ಞಾನು

*

ಗಡಹಿಂಗ್ಲಜ
೩ ಫೆಬ್ರುವರಿ ೧೯೬೦

ಜ್ಞಾನೂಗೆ,

ಕಾಗದ ಮುಟ್ಟಿತು.

ಜನಾಬಾಯಿಯ ಪ್ರಶ್ನೆಗೆ ಉತ್ತರ. ಗೂಡು ದೊಡ್ಡದಿದೆ, ಮುಂಗುಸಿ ಕೊರೆದ ಕಂಡಿಗೆ ಕಲ್ಲು ತುಂಬಿಸಿದ್ದೇನೆ. ಹಿರಿಯವಳ ಸ್ವಭಾವ ಕೆಟ್ಟದ್ದು. ಮೊದಲು ಕುಕ್ಕುತ್ತಾಳೆ, ಆಮೇಲೆ ಯಾರು ಎಂದು ನೋಡುತ್ತಾಳೆ. ಅದರಲ್ಲಿ ಅವಳು ನಿನ್ನ ಹಾಗೆ.

ಹರಕೆಯ ಮಾತನ್ನು ನಾನು ಎತ್ತಿರಲಿಲ್ಲ, ನೀನು ಎತ್ತಿದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ನೀನು ಏನಂದುಕೊಂಡಿದ್ದೀಯೋ ಅದನ್ನೇ ಇಟ್ಟುಕೊ, ಅದನ್ನು ತಿದ್ದುವ ಕೆಲಸ ನನ್ನದಲ್ಲ. ಎಣ್ಣೆಗಾಯಿ ಅಷ್ಟು ಚುಚ್ಚಿತ್ತು ಎಂದರೆ ಆಗಲೇ ಹೇಳಬೇಕಿತ್ತು. ಮೂರು ರೊಟ್ಟಿ ತಿಂದು ಎದ್ದೆ, ನಾಲ್ಕನೆಯದು ಬೇಡವೆಂದಾಗಲೂ ಹೊಟ್ಟೆ ತುಂಬಿತು ಎಂದೇ ಅಂದೆ.

ಅಚ್ಚ ಕರಿಯ ಹುಂಜ ಸಿಕ್ಕರೆ ಕಳಿಸು. ಸಿಗದಿದ್ದರೆ ಹುಂಜವೇ ಬೇಡ. ಕೋಳಿ ಕೂಗದಿದ್ದರೂ ಗಡಹಿಂಗ್ಲಜದಲ್ಲಿ ಬೆಳಗಾಗುತ್ತದೆ.

ಬಾಳಕ್ಕ

*

ಇಚಲಕರಂಜಿ
೨೮ ಫೆಬ್ರುವರಿ ೧೯೬೦

ಅಕ್ಕಾ, ಜಯಭೀಮ.

ಈ ಕಾಗದವನ್ನು ಇಂದೇ ನಿಮ್ಮೂರಿಗೆ ಬರುವವರ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಮಧ್ಯಾಹ್ನ ನಿಪ್ಪಾಣಿಯ ಮೇಲಿಂದ ಬರುವ ಎಸ್.ಟಿ. ಬಸ್ಸಿಗೆ ಸ್ಟ್ಯಾಂಡಿಗೆ ಹೋಗು. ಕಂಡಕ್ಟರ ಧನಪಾಲ ಎಂದು, ಜೈನರವನು, ಒಳ್ಳೆಯ ಮನುಷ್ಯ. ಅವನ ಕಾಲ ಬಳಿ ಬಿದಿರಿನ ಬುಟ್ಟಿ ಇರುತ್ತದೆ, ಅದರಲ್ಲಿ ಮೂರು ಹೇಂಟೆ. ಇವತ್ತೇ ಅವನಿಗೆ ಒಪ್ಪಿಸಿ ಬಂದೆ. ಅವನು ಸುಮ್ಮನೆ ಒಪ್ಪಲಿಲ್ಲ. "ಕೊಯ್ಯಾಕ ಒಯ್ಯಾಕತ್ತಿದ್ರ ನನ್ನ ಗಾಡ್ಯಾಗ ಬ್ಯಾಡ್ರಿ. ಸಾಕಾಕ ಆದ್ರ ಇಡ್ರಿ" ಎಂದ. "ಸಾಕಾಕ್ರೀ" ಎಂದೆ. "ಖರೇ?" ಎಂದ. "ಖರೇ ರೀ" ಎಂದೆ. ಆಮೇಲೆ ಅವನೇ ಬುಟ್ಟಿಗೆ ನೆರಳು ಬೀಳುವಂತೆ ಸರಿಸಿಟ್ಟುಕೊಂಡ.

ಆರಿಸಿದ್ದು ಹೇಗೆ ಎಂದು ನೀನು ಕೇಳಿಯೇ ಕೇಳುತ್ತೀ. ನಾನು ಕಣ್ಣು, ತುರಾಯಿ, ಕಾಲಿನ ಹುರುಪೆ ಎಲ್ಲ ನೋಡುತ್ತಿದ್ದೆ. ಜನಾಬಾಯಿ ನನ್ನನ್ನು ಕಟ್ಟೆಯ ಮೇಲೆ ಕೂರಿಸಿ ಒಂದು ಹಿಡಿ ಜೋಳ ಚೆಲ್ಲಿದಳು. "ಸುಮ್ಮ ಕುಂತ ನೋಡು. ಎಲ್ಲಾರ್ಕಿಂತ ಮೊದಲ ಓಡಿ ಬಂದಾಕಿ ಜಗಳಗಂಟಿ. ಆಕಿ ನಿಮ್ಮ ಹಿರೇಕಿ ಕೂಡ ಒಂದಿನಾ ಬಾಳಂಗಿಲ್ಲ. ಎಲ್ಲಾರೂ ಬಂದಮ್ಯಾಲೆ ಬಂದಾಕಿಗೆ ಒಳಗ ಏನೋ ರೋಗ ಐತಿ. ನಡಕಿನವ್ರನ್ನ ಹಿಡಿ" ಎಂದಳು. ಹಾಗೆ ನಡುವೆ ಬಂದವರಲ್ಲಿ ಮೂವರನ್ನು ಹಿಡಿದೆವು. ಒಂದು ಬಿಳಿ, ಒಂದು ಚುಕ್ಕೆಯದು, ಒಂದು ಕೆಂಪು. ಒಂದನ್ನೇ ಒಯ್ದರೆ ಹಳೆಯವು ಕುಕ್ಕಿ ಕೊಲ್ಲುತ್ತವೆ, ಮೂರು ಜೊತೆಗಿದ್ದರೆ ಪೆಟ್ಟು ಹಂಚಿಹೋಗುತ್ತದೆ ಎನ್ನುತ್ತಾಳೆ.

ಅವಳ ಮಾತು ಇನ್ನೂ ಇದೆ, ಮರೆಯಬೇಡ ಎಂದು ಹೇಳಿ ಕಳಿಸಿದ್ದಾಳೆ. ಒಂದು ವಾರ ಹೊಸವನ್ನು ಹಿತ್ತಲಲ್ಲೇ ಬುಟ್ಟಿ ಮುಚ್ಚಿಡು. ಹಳೆಯವು ಸುತ್ತ ತಿರುಗಿ ನೋಡಲಿ, ಮುಟ್ಟುವುದು ಬೇಡ. ರೋಗ ಇದ್ದರೂ ಅಷ್ಟರಲ್ಲಿ ಹೊರಬೀಳುತ್ತದೆ. ಆಮೇಲೆ ಒಂದು ದಿನ ದೀಪ ಹಚ್ಚುವ ಹೊತ್ತಿಗೆ, ಹಳೆಯವು ಗೂಡು ಸೇರಿ ತೂಕಡಿಸುವಾಗ, ಹೊಸವನ್ನು ಅವುಗಳ ನಡುವೆ ಮೆಲ್ಲಗೆ ಕೂರಿಸು. ಬೆಳಿಗ್ಗೆ ಕಣ್ಣು ಬಿಟ್ಟಾಗ ಪಕ್ಕದಲ್ಲಿ ಇದ್ದವರು ಮನೆಯವರೇ ಇರಬೇಕು ಎಂದುಕೊಳ್ಳುತ್ತವಂತೆ.

ಅಚ್ಚ ಕರಿಯ ಹುಂಜ ಜನಾಬಾಯಿಯ ಬಳಿ ಇಲ್ಲ. ನೀನು ಹೇಳಿದಂತೆ ಬೇರೆಯದನ್ನು ಕಳಿಸಿಲ್ಲ.

ಮಗ್ಗ ಎರಡು ಪಾಳಿ ನಡೆಯುತ್ತಿವೆ, ಪುರುಸೊತ್ತಿಲ್ಲ. ಅದಕ್ಕೇ ನಾನು ಬರಲಿಲ್ಲ.

ಜ್ಞಾನು

*

ಗಡಹಿಂಗ್ಲಜ
೨೨ ಮಾರ್ಚ್ ೧೯೬೦

ತಮ್ಮ ಜ್ಞಾನೂಗೆ,

ಸಿಟ್ಟಿನಲ್ಲಿದ್ದೆ, ಕೋಳಿ ನೋಡಿ ಅರ್ಧ ಇಳಿಯಿತು. ಚೆನ್ನಾಗಿ ಆರಿಸಿದ್ದೀ. ಬಸ್ ಸ್ಟ್ಯಾಂಡಿನಲ್ಲಿ ಧನಪಾಲ ಬುಟ್ಟಿ ಕೊಡುತ್ತ, "ಬಾಯಾರ, ಸಾಕಾಕ ಅಲ್ರೀ?" ಎಂದು ನನ್ನನ್ನೂ ಕೇಳಿದ. ನಿನ್ನ ಮಾತಿನ ಮೇಲೆ ಅವನಿಗೂ ಪೂರಾ ನಂಬಿಕೆ ಬಂದಂತಿಲ್ಲ.

ಜನಾಬಾಯಿ ಹೇಳಿದಂತೆಯೇ ಮಾಡಿದೆ. ಬುಟ್ಟಿಯ ಕೆಳಗಿದ್ದ ವಾರವೆಲ್ಲ ಗೌಡತಿ ಅದರ ಮೇಲೆಯೇ ಹತ್ತಿ ಕೂತಿದ್ದಳು. ಕುಂಟಿ ಸುತ್ತು ಹಾಕಿದಳು, ಮೂಕಿ ಮೂಲೆ ಹಿಡಿದಳು. ಕಡೆಗೆ ದೀಪ ಹಚ್ಚಿ ಹೊಸ ಮೂವರನ್ನು ಒಳಗೆ ಕೂರಿಸಿದೆ. ಚುಕ್ಕಿಯನ್ನು ಕುಂಟಿಯ ಪಕ್ಕ, ಕೆಂಪಿಯನ್ನು ಮೂಕಿಯ ಪಕ್ಕ. ಬಿಳಿಯವಳಿಗೆ ಗೌಡತಿಯ ಪಕ್ಕದ ಜಾಗ ಬಿಟ್ಟು ಬೇರೆ ಇರಲಿಲ್ಲ. ಪಾಪ, ಅವಳ ಹಣೆಬರಹ.

ಬೆಳಿಗ್ಗೆ ಬಾಗಿಲು ತೆಗೆದೆ. ಕುಂಟಿ ಚುಕ್ಕಿ ಒಟ್ಟಿಗೆ ಇಳಿದು ಬಂದರು, ಹಳೆಯ ಗೆಳತಿಯರ ಹಾಗೆ. ಕ್ಷಣ ತಡೆದು ಬಿಳಿಯವಳು ಹಾರಿ ಬಂದಳು, ಅವಳ ಹಿಂದೆ ಗೌಡತಿ. ನುಗ್ಗೆ ಗಿಡದ ಸುತ್ತ ಓಡಿಸಿದ್ದೇ ಓಡಿಸಿದ್ದು. ಬೇಲಿಯಾಚೆ ಮಲಕವ್ವ ನಿಂತು ನೋಡಿ, "ಅತ್ತಿಗೊಂದ ಕಾಲ ಸೊಸಿಗೊಂದ ಕಾಲ ಅಂತಾರ ಬಾಳಕ್ಕ, ನಿಮ್ಮ ಮನ್ಯಾಗ ಅತ್ತೀ ಕಾಲಾನ ಮುಗಿಯಂಗ ಕಾಣಂಗಿಲ್ಲ" ಎಂದಳು. ಅವಳ ಸೊಸೆ ಒಳಗಿನಿಂದ ಕೇಳಿಸಿಕೊಂಡು ನಕ್ಕಳು.

ಈಗ ಓಡಿಸುವುದು ಕಡಿಮೆಯಾಗಿದೆ, ಆದರೆ ನಿಂತಿಲ್ಲ. ಹುಂಜ ಇದ್ದರೆ ಎರಡು ಹೇಂಟೆ ಜಗಳಕ್ಕೆ ಬಿದ್ದಾಗ ನಡುವೆ ಹೋಗಿ ನಿಲ್ಲುತ್ತಿತ್ತು. ಹಳೆಯದು ಹಾಗೆಯೇ ಮಾಡುತ್ತಿತ್ತು. ಈಗ ಆ ಕೆಲಸವನ್ನು ನಾನು ಕಸಬರಿಗೆ ಹಿಡಿದು ಮಾಡುತ್ತಿದ್ದೇನೆ. ಇನ್ನೊಂದು ಕಾಟ, ಬಿಳಿಯವಳು ಮೇಲಿನಿಂದ ಚೆನ್ನಾಗಿ ಕಾಣುತ್ತಾಳೋ ಏನೋ, ಹದ್ದು ಎರಡು ಸಲ ತಗ್ಗಿ ಬಂದು ಹೋಯಿತು. ಬೇಲಿಗೆ ಹಳೆಯ ಸೀರೆ ಕಟ್ಟಿದ್ದೇನೆ.

ಮೆಣಸಿನಕಾಯಿ ಗೋದಾಮಿನಲ್ಲಿ ಕೆಲಸ ಜೋರಿದೆ. ಕೈ ಉರಿಯುತ್ತದೆ, ಆದ್ದರಿಂದ ಇಷ್ಟೇ ಬರೆಯುತ್ತೇನೆ. ಪುರುಸೊತ್ತು ಆದಾಗ ಬಾ. ಬಂದರೆ ಗೌಡತಿಯ ಕೈಗೆ ಸಿಗದಂತೆ ಚಪ್ಪಲಿ ಒಳಗಿಡುತ್ತೇನೆ.

ಬಾಳಕ್ಕ

*

ಗಡಹಿಂಗ್ಲಜ
೧೫ ಮೇ ೧೯೬೦

ಜ್ಞಾನೂ,

ಚೈತ್ರ ಹೋಯಿತು, ವೈಶಾಖದ ಹುಣ್ಣಿಮೆಯೂ ಹೋಯಿತು, ನಿನ್ನದೊಂದು ಕಾರ್ಡಿಲ್ಲ. ಈ ನಡುವೆ ಮರಾಠಿ ಮಾತಿನವರ ರಾಜ್ಯವೇ ಬೇರೆಯಾಯಿತು, ಗೋದಾಮಿನಲ್ಲಿ ಪೇಢೆ ಹಂಚಿದರು. ರಾಜ್ಯಕ್ಕೆ ಹೊಸ ಹೆಸರು ಇಟ್ಟು ಮುಗಿಸಿದರೂ ನನ್ನ ತಮ್ಮನಿಗೆ ನಾಲ್ಕು ಸಾಲು ಬರೆಯಲು ಆಗಿಲ್ಲ.

ಗೌಡತಿ ಕಾವಿಗೆ ಕೂತಿದ್ದಾಳೆ. ಹುಂಜ ಇಲ್ಲದ ತತ್ತಿ ಮರಿಯಾಗುವುದಿಲ್ಲ ಎಂದು ನನಗೆ ಗೊತ್ತು, ಅವಳಿಗೆ ಗೊತ್ತಿಲ್ಲ. ತತ್ತಿಗಳನ್ನು ದೀಪದೆದುರು ಹಿಡಿದು ನೋಡಿದೆ. ಒಳಗೆ ಏನೂ ಇಲ್ಲ, ಬರೀ ಬೆಳಕು. ತೆಗೆದು ಎಸೆದರೆ ಖಾಲಿ ಹುಲ್ಲಿನ ಮೇಲೆಯೇ ಕೂರುತ್ತಾಳೆ. ಮಲಕವ್ವ ತನ್ನ ಊರಕೋಳಿಯ ತತ್ತಿ ಕೊಟ್ಟಳು, ಇಟ್ಟೆ. ತನ್ನದಲ್ಲ ಎಂದು ಕೊಕ್ಕಿನಿಂದ ಉರುಳಿಸಿ ಹೊರಹಾಕಿದಳು. ಓಣಿಯ ಹುಂಜಗಳೆಲ್ಲ ದೊಡ್ಡವು, ಈ ಗಿಡ್ಡ ಮೈಗೆ ತಾಳುವುದಿಲ್ಲ.

ದಿನಕ್ಕೊಮ್ಮೆ ಇಳಿದು ಎರಡು ಕಾಳು ತಿಂದು, ಯಾರನ್ನೂ ಕುಕ್ಕದೆ ಮತ್ತೆ ಹೋಗಿ ಕೂರುತ್ತಾಳೆ. ಎದೆಯ ಎಲುಬು ಕೈಗೆ ಹತ್ತುತ್ತದೆ. ಅವಳು ಬಿಳಿಯವಳನ್ನು ಓಡಿಸುತ್ತಿದ್ದಾಗ ಬಯ್ಯುತ್ತಿದ್ದೆ. ಈಗ ಒಮ್ಮೆ ಎದ್ದು ಓಡಿಸಲಿ ಎನಿಸುತ್ತದೆ.

ಕರಿಯದಲ್ಲದಿದ್ದರೆ ಬೇಡ ಎಂದು ಹಟ ಹಿಡಿದವಳು ನಾನೇ. ನಿನ್ನನ್ನು ದೂರುವುದಿಲ್ಲ. ಸುಮ್ಮನೆ ಬರೆದೆ, ಬೇರೆ ಯಾರಿಗೆ ಬರೆಯಲಿ?

ಬಾಳಕ್ಕ

*

ಇಚಲಕರಂಜಿ
೨೦ ಜೂನ್ ೧೯೬೦

ಅಕ್ಕಾ,

ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು. ದಿನಾಲೂ ಜೇಬಿನಲ್ಲಿಟ್ಟುಕೊಂಡು ಮಗ್ಗಕ್ಕೆ ಹೋಗಿ, ದಿನಾಲೂ ಹಾಗೆಯೇ ತಂದೆ. ಶೆವಂತಾ ಬಟ್ಟೆ ಒಗೆಯುವಾಗ ಅದನ್ನು ತೆಗೆದು ನನ್ನ ಮುಂದಿಟ್ಟಳು.

"ಏನಂತ ಬರೀಲಿ?" ಎಂದೆ.

"ಖರೇ ಬರೀರಿ. ನಿಮಗ ಜ್ವರ ಬಂದಾಗ ನಾ ಇನ್ನಾ ಈ ಮನೀಗೆ ಬಂದಿದ್ದಿಲ್ಲ. ನಿಮ್ಮ ತಲೀಗೆ ಒದ್ದೀ ಅರಬಿ ಹಾಕ್ಕೊಂತ ಕುಂತಾಕಿ ಆಕಿ. ಆಕಿಗೆ ಮರಗವ್ವ ಬಿಟ್ರ ಕೇಳಾಕ ಮತ್ತ ಯಾರ ಇದ್ರು ಆವಾಗ? ನೀವು ಹೊಸಾ ದಾರಿ ಹಿಡದ್ರಿ, ಛಲೋ ಆತು, ನಾನೂ ಹಿಡದೇನಿ. ಆದ್ರ ಆಕಿಗೆ ದಾರಿ ತೋರಸಾಕ ಒಮ್ಮೆರ ಆಕಿ ಮನೀಗೆ ಹೋಗಿ ಕುಂತೀರೇನು? ನೀರ ಕುಡಿಯಂಗಿಲ್ಲ ಅಂದ ಬಂದೀರಿ, ಅಷ್ಟ" ಎಂದಳು. ಲೇಖಣಿ ಹಿಡಿದು ಕೂತೆ.

ಖರೆ ಏನೆಂದರೆ, ನಾನು ನಿನಗೆ ಸುಳ್ಳು ಬರೆದೆ. ಅಚ್ಚ ಕರಿಯ ಹುಂಜ ಜನಾಬಾಯಿಯ ಬಳಿ ಮೊದಲ ದಿನವೇ ಇತ್ತು. ನಾನೇ ಅದರ ರೆಕ್ಕೆ ಎತ್ತಿ ನೋಡಿದ್ದೆ. ಒಂದೂ ಬಿಳಿ ಗರಿ ಇರಲಿಲ್ಲ. ಅದು ನನ್ನ ಕೈಯಲ್ಲಿ ತಣ್ಣಗೆ ಕೂತು ನನ್ನ ಮುಖವನ್ನೇ ನೋಡಿತು. ಮರಗವ್ವನ ಕಟ್ಟೆ ನೆನಪಾಯಿತು, ಕೆಳಗಿಳಿಸಿ ಬಂದುಬಿಟ್ಟೆ.

ಮೊನ್ನೆ ಮತ್ತೆ ಹೋದೆ. ಅದು ಇನ್ನೂ ಅಲ್ಲೇ ಇತ್ತು. ಜನಾಬಾಯಿ, "ಆವತ್ತ ಎತ್ತಿ ಇಳಿಸಿ ಹೋದಿ. ಇವತ್ತ ಒಯ್ಯಾಂವೋ, ಮತ್ತ ಇಳಸಾಂವೋ?" ಎಂದಳು. ತಂದೆ.

ಈ ಕಾಗದವೂ ಹೋದ ಸಲದಂತೆ ಕೈಯಿಂದ ಕೈಗೆ ಬರುತ್ತದೆ. ನಾಳೆ ಧನಪಾಲನ ಬಸ್ಸಿಗೆ ಹೋಗು. ಇವತ್ತು ಬುಟ್ಟಿ ಒಪ್ಪಿಸುವಾಗ ಅವನು ಈ ಸಲವೂ ಕೇಳಿದ, "ಸಾಕಾಕ ಅಲ್ರೀ ಜ್ಞಾನೋಬಾ?" ಎಂದು. ಹೌದು ಎನ್ನಲು ಬಾಯಿ ಬರಲಿಲ್ಲ. "ಅದನ್ನ ನಮ್ಮ ಅಕ್ಕನ್ನ ಕೇಳ್ರಿ" ಎಂದೆ. ಆದರೂ ಅವನು ಬುಟ್ಟಿಯನ್ನು ಇಳಿಸಲಿಲ್ಲ.

ಆಷಾಢ ಇನ್ನೇನು ಬರುತ್ತದೆ. ನೀನು ನನಗಾಗಿ ಆಡಿದ ಮಾತು ನಿನ್ನದು, ಅದನ್ನು ತೀರಿಸದೆ ನಿನಗೆ ನಿದ್ದೆ ಹತ್ತುವುದಿಲ್ಲ ಎಂದಾದರೆ ತೀರಿಸು. ನಾನು ಬಲಿಯನ್ನು ಒಪ್ಪಿದ್ದೇನೆ ಎಂದಲ್ಲ, ಒಪ್ಪುವುದೂ ಇಲ್ಲ. ಆದರೆ ನೀನು ಏನೇ ಮಾಡಿದರೂ ನಿನ್ನ ಮನೆಯ ನೀರು ಕುಡಿಯುತ್ತೇನೆ. ಆ ಮಾತನ್ನು ಹಿಂದೆ ತೆಗೆದುಕೊಂಡಿದ್ದೇನೆ ಅಕ್ಕಾ. ಅದನ್ನು ಆಡಬಾರದಿತ್ತು.

ಜ್ಞಾನು

*

ಇಚಲಕರಂಜಿ
೧೧ ಜುಲೈ ೧೯೬೦

ಅಕ್ಕಾ,

ಆಷಾಢ ಅರ್ಧ ಮುಗಿಯಿತು, ನಿನ್ನ ಕಾಗದವಿಲ್ಲ. ಹುಂಜ ಮುಟ್ಟಿತೋ ಇಲ್ಲವೋ ಅಷ್ಟಾದರೂ ಬರೆ. ಧನಪಾಲನನ್ನು ಕೊಲ್ಹಾಪುರದ ಸ್ಟ್ಯಾಂಡಿನಲ್ಲಿ ನೋಡಿದೆ. ಕೇಳಿದರೆ ನಕ್ಕು, "ಅಕ್ಕಾರ್ನ ಕೇಳ್ರಿ" ಎಂದು ಗಂಟೆ ಹೊಡೆದು ಹೋದ. ನಿನ್ನ ಆರೋಗ್ಯ ಹೇಗಿದೆ?

ಜ್ಞಾನು

*

ಗಡಹಿಂಗ್ಲಜ
೧೯ ಜುಲೈ ೧೯೬೦

ನನ್ನ ತಮ್ಮ ಜ್ಞಾನೂಗೆ,

ಆರೋಗ್ಯಕ್ಕೆ ಏನೂ ಆಗಿಲ್ಲ. ಕಾಗದ ತಡವಾದದ್ದಕ್ಕೆ ಕಾರಣ ಇದೆ. ಈ ಬೆಳಿಗ್ಗೆ ಆ ಕಾರಣ ತತ್ತಿಯೊಡೆದು ಹೊರಬಂತು.

ಗೌಡತಿಗೆ ಮರಿಯಾಗಿವೆ. ಹುಂಜ ಬಂದ ಮೇಲೆ ಚುಕ್ಕಿ, ಕೆಂಪಿ ಇಟ್ಟ ತತ್ತಿಗಳನ್ನು ಅವಳ ಕೆಳಗೆ ಇಟ್ಟೆ. ಈ ಸಲ ಒಂದನ್ನೂ ಹೊರಗೆ ಹಾಕಲಿಲ್ಲ. ಹೆಚ್ಚಿನವು ಕರಿಯವು, ಹೊಟ್ಟೆಯ ಕೆಳಗೆ ಮಾತ್ರ ಸ್ವಲ್ಪ ಬಿಳಿ. ದೊಡ್ಡವಾದಂತೆ ಆ ಬಿಳಿಯೂ ಹೋಗುತ್ತದೆ. ಮಧ್ಯಾಹ್ನ ಬಿಳಿಯವಳು ಹತ್ತಿರ ಹೋಗಿ ಇಣುಕಿದ್ದಕ್ಕೆ ಗೌಡತಿ ಎದ್ದು ಅಟ್ಟಿಸಿಕೊಂಡು ಹೋದಳು. ನನ್ನ ಕಣ್ಣಲ್ಲಿ ನೀರು ಬಂತು.

ಹುಂಜ ಬಂದ ದಿನ ಧನಪಾಲ ಬುಟ್ಟಿ ಹಿಡಿದು ಬಸ್ಸಿನ ಮೆಟ್ಟಿಲಲ್ಲೇ ನಿಂತ. "ಸಾಕಾಕೋ ಕೊಯ್ಯಾಕೋ, ಹೇಳಿದ್ರ ಕೊಡ್ತೇನ್ರಿ" ಎಂದ. ನಿನ್ನ ಕಾಗದವನ್ನು ಆಗ ತಾನೇ ಓದಿದ್ದೆ. ಅವನಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ. ಎದುರು ಕೂರಿಸಿ ಹೇಳಬೇಕೆಂದಿದ್ದೆ, ನೀನು ಬರಲಿಲ್ಲ.

ನಾನು ಕರಿಯ ಹುಂಜ ಕೇಳಿದ್ದು ಹದ್ದಿನ ಸಲುವಾಗಿ. ಹೋದ ವರ್ಷದ ಮರಿಗಳನ್ನೆಲ್ಲ ಹದ್ದು ಹೊತ್ತುಕೊಂಡು ಹೋಯಿತು, ಒಂದನ್ನೂ ಉಳಿಸಲಿಲ್ಲ. ಅಚ್ಚ ಕರಿಯ ಹುಂಜನ ಮರಿಗಳು ಕರಿಯವಾಗುತ್ತವೆ, ಕರಿಯದನ್ನು ಹದ್ದು ಮೇಲಿನಿಂದ ಕಾಗೆ ಎಂದು ತಿಳಿದು ಹತ್ತಿರ ಬರುವುದಿಲ್ಲ. ಕಾಗೆಗಳ ಕೂಡ ಜಗಳ ಯಾರಿಗೆ ಬೇಕು? ಇದನ್ನು ನಿನ್ನ ದಾಜಿ ಹೇಳುತ್ತಿದ್ದರು. ಇಷ್ಟೇ ಕಾರಣ. ಕಾಗದದಲ್ಲಿ ಬರೆಯದೆ ಬಿಟ್ಟದ್ದು, ಯಾಕೆಂದು ಕೇಳುವ ನೆಪದಲ್ಲಾದರೂ ನೀನು ಬರುತ್ತೀ ಎಂದು. ಕರಿಯದು ಎಂದರೆ ನಿನಗೆ ಹರಕೆ ನೆನಪಾದೀತು ಎಂದು ನನಗೆ ಹೊಳೆಯಲೇ ಇಲ್ಲ ನೋಡು. ಯಾಕೆ ಹೊಳೆಯಲಿಲ್ಲ ಎಂದರೆ, ಆ ಹರಕೆ ನನ್ನ ತಲೆಯ ಮೇಲೆ ಇಲ್ಲ. ಮೂರು ವರ್ಷದ ಹಿಂದೆಯೇ ಇಳಿದಿದೆ.

ನೀನು ದೀಕ್ಷೆ ತೆಗೆದುಕೊಂಡು ಬಂದು ನೀರಿನ ಮಾತು ಆಡಿ ಹೋದೆಯಲ್ಲ, ಅದರ ಮರುದಿನ ಮರಗವ್ವನ ಕಟ್ಟೆಗೆ ಹೋದೆ. ಕೂತು ಹೇಳಿದೆ, "ತಾಯೀ, ನನ್ನ ತಮ್ಮ ಬ್ಯಾಡ ಅಂದಾನ. ಅವನ ಜೀವಾ ನೀ ಉಳಿಸೀದಿ, ಆ ಜೀವದ ಮ್ಯಾಲೆ ಅವನ ಮಾತ ನಡೀಲಿ. ನಿನಗ ಹುಂಜಾ ಕೊಡಂಗಿಲ್ಲ. ಅದರ ಬದಲಿ ನಾ ಕೋಳಿ ಬಿಟ್ಟೇನಿ. ಇವತ್ತಿನಿಂದ ನನ್ನ ಬಾಯಾಗ ಇಲ್ಲ, ನನ್ನ ಒಲಿ ಮ್ಯಾಲೆ ಇಲ್ಲ. ಲೆಕ್ಕಾ ಮುಗೀತು ಅನ್ಕೋ." ಮರಗವ್ವ ಏನೂ ಅನ್ನಲಿಲ್ಲ. ನನ್ನ ಹಾಗೆ ಅವಳದೂ ಮಾತು ಕಡಿಮೆ.

ಆವತ್ತಿನಿಂದ ನನ್ನ ಮನೆಯಲ್ಲಿ ಕೋಳಿ ಬೆಂದಿಲ್ಲ ಜ್ಞಾನೂ. ದೀಪಾವಳಿಗೆ ನೀನು ಬಂದಾಗ ಓಣಿಯವರೆಲ್ಲ ಕೇಳಿದರು, ತಮ್ಮನಿಗೆ ಕೋಳಿ ಕೊಯ್ಯುವುದಿಲ್ಲವೇ ಎಂದು. ನಾನು ಪೇಟೆಯಲ್ಲಿ ಹುಡುಕಿ ಎಳೆಯ ಬದನೆಕಾಯಿ ತಂದು, ಇದ್ದ ಶೇಂಗಾ ಎಲ್ಲ ಹುರಿದು ಅರೆದು ಎಣ್ಣೆಗಾಯಿ ಮಾಡಿದೆ. ನೀನು ಪರಕೀಯ ಎಂದು ಬಡಿಸಿದ್ದಲ್ಲ. ನಿನ್ನ ಮಾತು ಉಳಿಸಿ ಬಡಿಸಿದ್ದು.

ಹೇಳಬಹುದಿತ್ತಲ್ಲ ಎನ್ನುತ್ತೀ. ಬಿಟ್ಟದ್ದನ್ನು ಬಾಯಿಬಿಟ್ಟು ಹೇಳಿಕೊಂಡರೆ ಬಿಟ್ಟಂತೆ ಅಲ್ಲ ಎಂದು ನಮ್ಮ ಅವ್ವ ಹೇಳುತ್ತಿದ್ದಳು. ಮೇಲೆ, ಇದೂ ಒಂದು ಹರಕೆಯೇ ಎಂದು ನೀನು ಮತ್ತೆ ಭಾಷಣಕ್ಕೆ ನಿಲ್ಲುತ್ತಿದ್ದೆ. ನೀನು ಎಣ್ಣೆಗಾಯಿಯ ಮಾತು ಬರೆದಾಗ ನನಗೆ ಎಷ್ಟು ಉರಿಯಿತು ಎಂದರೆ, ಹೋಗಲಿ ಹಾಗೆಯೇ ಅಂದುಕೊಂಡಿರಲಿ ಎಂದು ಬಿಟ್ಟೆ. ಗೌಡತಿಯ ಮೇಲೆ ಅದರ ಭಾರ ಬಿತ್ತು.

ಆದರೆ ನೀನು ಈ ಹುಂಜನನ್ನು ನಾನು ಕೊಯ್ಯುತ್ತೇನೆ ಎಂದುಕೊಂಡೇ ಕಳಿಸಿದೆ. ಅದನ್ನು ನೆನೆದು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಧನಪಾಲ ಗಾಡಿ ನಿಲ್ಲಿಸಿ ನೀರು ತಂದುಕೊಟ್ಟ. ಎಲ್ಲ ಕೇಳಿ, "ನಿಮ್ಮ ತಮ್ಮಗ ನಾ ಹೇಳಂಗಿಲ್ರೀ, ನೀವ ಬರೀರಿ" ಎಂದ.

ಹುಂಜ ಚೆನ್ನಾಗಿದೆ. ಜಗಳದ ನಡುವೆ ಹೋಗಿ ನಿಲ್ಲುವುದನ್ನು ಯಾರೂ ಕಲಿಸಬೇಕಾಗಲಿಲ್ಲ. ಹದ್ದು ಒಮ್ಮೆ ಬಂದು ಸುತ್ತಿ ಹೋಯಿತು.

ನೀನು ಯಾವಾಗ ಬಂದರೂ ನನ್ನ ಮನೆಯಲ್ಲಿ ಎಣ್ಣೆಗಾಯಿಯೇ. ಅದು ನಡೆಯುತ್ತದೆ ಎಂದಾದರೆ ಬಾ.

ಅಕ್ಕ

*

ಇಚಲಕರಂಜಿ
೨೨ ಜುಲೈ ೧೯೬೦

ಅಕ್ಕಾ,

ನಿನ್ನ ಕಾಗದವನ್ನು ಮಗ್ಗದ ಬಳಿ ನಿಂತು ಓದಿದೆ. ಎರಡು ಮಗ್ಗದಲ್ಲಿ ಎಳೆ ಹರಿದದ್ದು ಕಾಣಲಿಲ್ಲ. ಮಾಲಕರು ಬಂದು ಬಯ್ಯತೊಡಗಿದರು, ಆಮೇಲೆ ನನ್ನ ಮುಖ ನೋಡಿ ಮನೆಗೆ ಹೋಗು ಎಂದರು. ಶೆವಂತಾಗೆ ಓದಿ ಹೇಳುವಾಗ ಬದನೆಕಾಯಿಯ ಹತ್ತಿರ ಬಂದು ನಿಂತೆ, ಮುಂದಿನದನ್ನು ಅವಳೇ ಓದಿಕೊಂಡಳು.

ಗುರುವಾರ ಪಂಚಮಿ. ಊರಿನ ತಮ್ಮಂದಿರೆಲ್ಲ ಅಕ್ಕಂದಿರನ್ನು ಕರೆದುಕೊಂಡು ಬರಲು ಹೋಗುತ್ತಾರೆ. ಹಬ್ಬ ನನ್ನದಲ್ಲ, ಅಕ್ಕ ನನ್ನವಳೇ. ಬುಧವಾರ ಧನಪಾಲನ ಬಸ್ಸಿಗೆ ನಾನೂ ಶೆವಂತಾಳೂ ಬರುತ್ತೇವೆ. ಕೋಳಿಗಳನ್ನು ಬಿಟ್ಟು ನೀನು ಇಲ್ಲಿಗೆ ಬರುವುದಿಲ್ಲ ಎಂದು ಗೊತ್ತು, ಅದಕ್ಕೆ ನಾವೇ ನಾಲ್ಕು ದಿನ ಅಲ್ಲಿರುತ್ತೇವೆ. ಬದನೆಕಾಯಿ ಇಲ್ಲಿಂದ ತರುತ್ತೇನೆ. ಹೋದ ಸಲ ಬಂದಾಗ ನಾಲ್ಕನೇ ರೊಟ್ಟಿ ಬೇಡ ಎಂದಿದ್ದೆ, ಈ ಸಲ ಅದನ್ನೂ ಹಾಕು.

ಸ್ಟ್ಯಾಂಡಿಗೆ ಬರುವಾಗ ಒಂದು ತಂಬಿಗೆ ನೀರು ತಾ. ಬಸ್ಸಿನಿಂದ ಇಳಿದು ಅಲ್ಲೇ ಕುಡಿಯುತ್ತೇನೆ.

ನಿನ್ನ ತಮ್ಮ
ಜ್ಞಾನು